ಕೆಜರೇಟರ್ ಕೈಕೊಟ್ಟಾಗ: ಸಣ್ಣ ಫ್ರಿಜ್‌ಗೆ ಬಿಯರ್ ನಲ್ಲಿ ಕೂರಿಸಿದವರಿಗೆ ದೋಷ ನಿವಾರಣೆ ಕೈಪಿಡಿ

ನಲ್ಲಿ ಎಳೆದರೆ ಲೋಟದ ತುಂಬ ನೊರೆ, ತಳದಲ್ಲಿ ಎರಡು ಬೆರಳು ಬಿಯರ್. ಆಗ ಹೆಚ್ಚಿನವರ ಕೈ ನೇರ ಹೋಗುವುದು ರೆಗ್ಯುಲೇಟರ್ ಸ್ಕ್ರೂಗೆ. ಗ್ಯಾಸಿನ ಒತ್ತಡ ಇಳಿಸಿದರೆ ಸರಿಹೋದೀತು ಎಂಬ ಲೆಕ್ಕ. ಆ ಸಂಜೆ ಒಂಚೂರು ಸುಧಾರಿಸಿದಂತೆ ಕಾಣುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಟ್ಯೂಬಿನೊಳಗೆ ಗುಳ್ಳೆ, ಮತ್ತೆ ನೊರೆ. ವಾರ ಕಳೆಯುವಷ್ಟರಲ್ಲಿ ಬಿಯರೇ ಸಪ್ಪೆ. ಸಣ್ಣ ಫ್ರಿಜ್ ಕೊರೆದು ಮಾಡಿಕೊಂಡ ಕೆಜರೇಟರ್‌ನಲ್ಲಿ ಗ್ಯಾಸಿನ ತೊಂದರೆ ಅಂತ ಕಾಣುವುದರ ಬಹುಪಾಲು ಬೇರು ಶಾಖದಲ್ಲಿರುತ್ತದೆ. ಹಾಗಾಗಿ ಹುಡುಕುವ ಕ್ರಮ ಹೀಗಿರಲಿ: ಮೊದಲು ಥರ್ಮಾಮೀಟರ್, ಆಮೇಲೆ ಟ್ಯೂಬು, ಕಟ್ಟಕಡೆಗೆ ರೆಗ್ಯುಲೇಟರ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇನ್ನೊಂದಕ್ಕೆ ಕೈ ಹಾಕುವ ಮೊದಲು 24 ಗಂಟೆ ಬಿಡಿ.

ಇಲ್ಲಿನ ಲೆಕ್ಕವೆಲ್ಲ ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾದ ಜೋಡಣೆಯದು: 4.4 ಘನ ಅಡಿಯ ಕಂಪ್ರೆಸರ್ ಫ್ರಿಜ್, 5 ಗ್ಯಾಲನ್ ಅಂದರೆ ಸುಮಾರು 19 ಲೀಟರ್ ಹಿಡಿಯುವ ಒಂದೋ ಎರಡೋ ಬಾಲ್-ಲಾಕ್ ಕಾರ್ನಿ ಕೆಗ್ (ಬಿಯರ್ ತುಂಬುವ ಉಕ್ಕಿನ ಪೀಪಾಯಿ), 5 ಪೌಂಡಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ನೆತ್ತಿಯ ಮೇಲೆ ನಲ್ಲಿ ಹೊತ್ತ ಟೊಳ್ಳು ಕಂಬ, ಅಂದರೆ ಟವರ್, ಇಲ್ಲವೇ ಬಾಗಿಲಲ್ಲೇ ನಲ್ಲಿ. ಅಲ್ಲಿನ ಗೇಜುಗಳು ಒತ್ತಡವನ್ನು ತೋರಿಸುವುದು ಪಿಎಸ್‌ಐಯಲ್ಲಿ, ಶಾಖವನ್ನು ಫ್ಯಾರನ್‌ಹೀಟ್‌ನಲ್ಲಿ, ಆದ್ದರಿಂದ ನಾವೂ ಅದನ್ನೇ ಬಳಸಿದ್ದೇವೆ. ಅಲ್ಲಿ 1979ರ ಫೆಬ್ರವರಿಯಿಂದ ಫೆಡರಲ್ ಕಾನೂನು ಮನೆಬಳಕೆಗೆ ವರ್ಷಕ್ಕೆ ಒಬ್ಬ ವಯಸ್ಕರಿಗೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ವಯಸ್ಕರಿರುವ ಮನೆಗೆ 200 ಗ್ಯಾಲನ್ ವರೆಗೆ ತೆರಿಗೆಯಿಲ್ಲದೆ ಬಿಯರ್ ಮಾಡಲು ಬಿಡುತ್ತದೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಮಾಡುವಂತಿಲ್ಲ. ಊರಿನಲ್ಲಿ ಕೂತು ಓದುತ್ತಿರುವವರು ಇದೇ ಜೋಡಣೆಗೆ ಪನ್ನೀರ್ ಸೋಡಾ ತುಂಬಿಸಿಕೊಳ್ಳಬಹುದು. ಆದರೆ ಸೋಡಾಗೆ 25–30 ಪಿಎಸ್‌ಐ ಬೇಕು, ಟ್ಯೂಬು 20 ಅಡಿಗೂ ಮೇಲಿರಬೇಕು.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ತೆಳು ಮೂತಿಯ ಡಿಜಿಟಲ್ ಥರ್ಮಾಮೀಟರ್, ಟಾರ್ಚು, ಸೋಪಿನ ನೀರಿನ ಸ್ಪ್ರೇ ಬಾಟಲಿ, ತೂಕದ ಯಂತ್ರ, ಮಲ್ಟಿಮೀಟರ್, ಕೆಗ್‌ನ ಒಂದು ಸೆಟ್ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ), ಆಹಾರಕ್ಕೆ ಒಗ್ಗುವ ಸಿಲಿಕೋನ್ ಗ್ರೀಸು.

ನೊರೆ: ಯಾವ ಲೋಟದಲ್ಲಿ, ಎಲ್ಲಿಂದ

ಮೊದಲು ಬಿಯರ್‌ನ ಶಾಖ ಅಳೆಯಿರಿ. ಫ್ರಿಜ್‌ನೊಳಗಿನ ಗಾಳಿಯ ಶಾಖ ಬಾಗಿಲು ತೆಗೆದ ಕ್ಷಣಕ್ಕೇ ಬದಲಾಗುತ್ತದೆ, ಅದನ್ನು ನಂಬಬೇಡಿ. ಒಂದು ಲೋಟ ಹಿಡಿದು ಚೆಲ್ಲಿ, ಲೋಟ ತಣ್ಣಗಾಗಿರುತ್ತದೆ. ಅದೇ ಲೋಟಕ್ಕೆ ಕೂಡಲೇ ಎರಡನೆಯದನ್ನು ಹಿಡಿದು ಥರ್ಮಾಮೀಟರ್ ಅದ್ದಿ. 38 ಡಿಗ್ರಿ (ಸೆಲ್ಸಿಯಸ್‌ನಲ್ಲಿ ಸುಮಾರು 3) ಆಸುಪಾಸು ಬಂದರೆ ಕೆಗ್ ಸರಿಯಾಗಿದೆ. 45 ಬಂದರೆ ಈ ಭಾಗ ಬಿಟ್ಟು ನೇರ ಫ್ರಿಜ್ ತಣ್ಣಗಾಗದಿರುವ ಭಾಗಕ್ಕೆ ಹೋಗಿ, ಉಳಿದದ್ದು ಆಮೇಲೆ.

ಮೊದಲ ಲೋಟ ಮಾತ್ರ ನೊರೆ, ಬೆನ್ನಿಗೇ ಹಿಡಿದ ಎರಡನೆಯದು ಸರಿ. ಇದು ಟವರ್ ಬೆಚ್ಚಗಿರುವುದರ ಲಕ್ಷಣ. 38 ಡಿಗ್ರಿಯಲ್ಲಿ 12 ಪಿಎಸ್‌ಐ ಇಟ್ಟರೆ ಬಿಯರ್‌ನಲ್ಲಿ ಅದರ ಗಾತ್ರದ ಎರಡೂವರೆ ಪಟ್ಟು ಗ್ಯಾಸ್ ಕರಗಿ ನಿಲ್ಲುತ್ತದೆ. ಅಷ್ಟೇ ಗ್ಯಾಸನ್ನು 50 ಡಿಗ್ರಿಯಲ್ಲಿ ಹಿಡಿದಿಡಲು ಸುಮಾರು 17.5 ಪಿಎಸ್‌ಐ ಬೇಕು, 60 ಡಿಗ್ರಿಯಲ್ಲಿ 23. ಟವರ್ ಒಳಗೆ ನಿಂತ ಟ್ಯೂಬು ಕೋಣೆಯ ಶಾಖಕ್ಕೆ ಏರುತ್ತದೆ, ಒತ್ತಡ ಮಾತ್ರ 12ರಲ್ಲೇ ಇರುತ್ತದೆ. ಹಿಡಿತ ಸಾಲದೆ ಗ್ಯಾಸ್ ಹೊರಬಂದು ಟ್ಯೂಬಿನ ಮೇಲ್ತುದಿಯಲ್ಲಿ ಗುಳ್ಳೆಯಾಗಿ ಕೂರುತ್ತದೆ. ಹೊಸ ಬಿಯರ್ ಆ ಗುಳ್ಳೆಗೂ ಬೆಚ್ಚಗಿನ ಹಿತ್ತಾಳೆಗೂ ಬಡಿದು ನೊರೆಯೇಳುತ್ತದೆ. ಒಳವ್ಯಾಸ 3/16 ಇಂಚಿನ 10 ಅಡಿ ಟ್ಯೂಬಿನಲ್ಲಿ ನಿಲ್ಲುವ ಬಿಯರ್ ಎಲ್ಲ ಸೇರಿ 55 ಮಿಲಿಲೀಟರ್ ಮಾತ್ರ. ಆದ್ದರಿಂದ ಮೊದಲ 100 ಮಿಲಿ ದಾಟಿದ ಮೇಲೆ ನೊರೆ ನಿಂತರೆ ಅನುಮಾನವೇ ಬೇಡ, ಟವರೇ.

ಪರಿಹಾರ ಅಗ್ಗ. ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ಒಂದು ಡಬ್ಬಿಗೆ ಕೂರಿಸಿ, ಅದರ ಬಾಯಿಂದ ಒಂದು ಬಳುಕುವ ಕೊಳವೆಯನ್ನು ಟವರ್ ಒಳಗೆ ನಲ್ಲಿಯ ಹಿಂಭಾಗದ ತನಕ ಏರಿಸಿ. ಫ್ರಿಜ್‌ನ ತಳದ ತಣ್ಣನೆ ಗಾಳಿ ಮೇಲೆ ಹೋಗಿ, ಕೊಳವೆಯ ಸುತ್ತಲಿನ ಸಂದಿಯಿಂದ ಕೆಳಗಿಳಿಯಬೇಕು. ವಾಪಸಿಗೆ ಸಂದಿ ಇಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಗಾಳಿ ಚಲಿಸುವುದಿಲ್ಲ. ಫ್ಯಾನ್ ಹಾಕಿದರೂ ಪ್ರಯೋಜನವಾಗಲಿಲ್ಲ ಎನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ಆಗಿರುವುದು ಇದೇ. ಈ ಫ್ಯಾನಿನಿಂದ ಇನ್ನೊಂದು ಲಾಭವುಂಟು: ಫ್ರಿಜ್‌ನ ತಳಕ್ಕೂ ನೆತ್ತಿಗೂ ಇರುವ ಅಂತರ ಕರಗುತ್ತದೆ. ಬಾಗಿಲಿಗೆ ನಲ್ಲಿ ಹಾಕಿಕೊಂಡವರಿಗೆ ಈ ರಗಳೆ ಕಡಿಮೆ. ಕೇಳಿದರೆ ನಾವು ಬಾಗಿಲಿಗೇ ಹಾಕಿ ಎನ್ನುತ್ತೇವೆ. ಟವರ್ ನೋಡಲು ಚೆಂದ, ಅಷ್ಟೇ.

ಪ್ರತಿ ಲೋಟವೂ ನೊರೆ, ಬಿಯರ್ ರಭಸದಿಂದ ಬರುತ್ತದೆ. ಟ್ಯೂಬಿನ ಉದ್ದ ನೋಡಿ. ಸಿದ್ಧ ಕಿಟ್‌ಗಳ ಜೊತೆ ಎಷ್ಟೋ ಸಲ ಬರುವುದು 5 ಅಡಿ. 12 ಪಿಎಸ್‌ಐಗೆ 3/16 ಇಂಚಿನ ಟ್ಯೂಬು 10 ಅಡಿಯಾದರೂ ಬೇಕು. ಪುಸ್ತಕದ ಲೆಕ್ಕ ಅಡಿಗೆ 2–3 ಪಿಎಸ್‌ಐ ತಡೆ ಎನ್ನುತ್ತದೆ, ಆ ಪ್ರಕಾರ 5 ಅಡಿ ಸಾಕಾಗಬೇಕಿತ್ತು. ಮನೆಯ ನಲ್ಲಿಯಲ್ಲಿ ಅದು ನಡೆಯುವುದಿಲ್ಲ. ಒಂದು ಪೈಂಟ್, ಅಂದರೆ 473 ಮಿಲಿ, ತುಂಬಲು 8ರಿಂದ 10 ಸೆಕೆಂಡು ಹಿಡಿಯಬೇಕು. 4 ಸೆಕೆಂಡಿಗೆ ತುಂಬಿದರೆ ಟ್ಯೂಬು ಗಿಡ್ಡ. ಹೊಸದನ್ನು 12 ಅಡಿ ಹಾಕಿ, ತೀರಾ ನಿಧಾನವಾದರೆ ಅರ್ಧರ್ಧ ಅಡಿ ಕತ್ತರಿಸುತ್ತ ಬನ್ನಿ. ಹೆಚ್ಚುವರಿ ಉದ್ದವನ್ನು ಕೆಗ್‌ನ ಮೇಲೆ ಸುರುಳಿ ಸುತ್ತಿಡಿ, ಎಲ್ಲೂ ಮಡಿಚಿಕೊಳ್ಳಬಾರದು. ಮಡಿಚಿದ ಜಾಗವೇ ಒಂದು ಪುಟ್ಟ ನೊರೆ ಯಂತ್ರ.

ರಭಸ ಸಹಜ, ಆದರೂ ನೊರೆ. ಟಾರ್ಚು ಹಿಡಿದು ಕಪ್ಪು ಡಿಸ್‌ಕನೆಕ್ಟ್‌ನಿಂದ, ಅಂದರೆ ಟ್ಯೂಬನ್ನು ಕೆಗ್‌ಗೆ ಸಿಕ್ಕಿಸುವ ಬಿಡಿಭಾಗದಿಂದ, ಹೊರಡುವ ಟ್ಯೂಬನ್ನು ನೋಡಿ, ಇನ್ನೊಬ್ಬರಿಗೆ ನಲ್ಲಿ ಎಳೆಯಲು ಹೇಳಿ. ಡಿಸ್‌ಕನೆಕ್ಟ್‌ನಿಂದಲೇ ಸಾಸಿವೆಯಂಥ ಗುಳ್ಳೆಗಳ ಸಾಲು ಹೊರಟರೆ, ಕೆಗ್‌ನ ಮೇಲ್ಭಾಗದ ಗ್ಯಾಸ್ ಬಿಯರ್‌ನ ದಾರಿಗೆ ನುಸುಳುತ್ತಿದೆ. ತಪ್ಪಿತಸ್ಥ, ಕೆಗ್‌ನ ತಳದಿಂದ ಬಿಯರ್ ಮೇಲೆತ್ತುವ ಡಿಪ್ ಟ್ಯೂಬಿನ ಕತ್ತಿನಲ್ಲಿರುವ ಪುಟ್ಟ ಓ-ರಿಂಗ್. ಕೆಗ್‌ನ ಒತ್ತಡ ಪೂರ್ತಿ ಬಿಟ್ಟು, ಡಿಸ್‌ಕನೆಕ್ಟ್ ಕೂರುವ ಪೋಸ್ಟ್ ಬಿಚ್ಚಿ, ರಿಂಗ್ ಬದಲಿಸಿ, ತೆಳ್ಳಗೆ ಗ್ರೀಸು ಸವರಿ. ಕೆಲವೇ ಸೆಂಟಿನ ವಸ್ತು ಇದು. ಹುಡುಕಲು ತಿಂಗಳು ಹಿಡಿದವರಿದ್ದಾರೆ.

ಇದ್ಯಾವುದೂ ಇಲ್ಲ ಎಂದಾದರೆ ಬಿಯರ್‌ಗೇ ಗ್ಯಾಸ್ ಜಾಸ್ತಿ ಸೇರಿದೆ. 30 ಪಿಎಸ್‌ಐಗೆ ಏರಿಸಿ ಮರೆತುಬಿಟ್ಟಾಗ ಆಗುವುದು ಹೀಗೆ. ಫ್ರಿಜ್ 34 ಡಿಗ್ರಿಗೆ ಇಳಿದಿದ್ದರೂ ಆಗುತ್ತದೆ, ಏಕೆಂದರೆ ಅದೇ 12 ಪಿಎಸ್‌ಐ ಅಲ್ಲಿ 2.75 ಪಟ್ಟಿಗೂ ಮೇಲೆ ತುಂಬುತ್ತದೆ. ಗ್ಯಾಸ್ ತೆಗೆದು, ಕೆಗ್‌ನ ರಿಲೀಫ್ ವಾಲ್ವನ್ನು ದಿನಕ್ಕೆ ಐದಾರು ಸಲ ಎಳೆದು ಬಿಡಿ. ಎರಡು ದಿನದಲ್ಲಿ ದಾರಿಗೆ ಬರುತ್ತದೆ.

ಕೊನೆಯದು ಕೈಯ ತಪ್ಪು. ನಲ್ಲಿಯನ್ನು ಅಳುಕುತ್ತ ಅರ್ಧ ಎಳೆದರೆ ಯಾವ ಬಿಯರ್ ಆದರೂ ನೊರೆಯೇ. ಒಮ್ಮೆಗೇ ಪೂರ್ತಿ ಎಳೆಯಿರಿ, ಲೋಟ ಓರೆ ಹಿಡಿಯಿರಿ.

ಸಿಲಿಂಡರ್ ಬೇಗ ಖಾಲಿಯಾಗುತ್ತದೆ

ಒಂದು ಭಯವನ್ನು ಮೊದಲೇ ಕಳೆಯೋಣ. ಸಿಲಿಂಡರ್ ಹೊರಗಿದ್ದಾಗ ದೊಡ್ಡ ಗೇಜು ಸುಮಾರು 850 ಪಿಎಸ್‌ಐ ತೋರಿಸುತ್ತಿತ್ತು, ಫ್ರಿಜ್‌ನೊಳಗಿಟ್ಟ ಮರುದಿನ 550. ಇದು ಸೋರಿಕೆಯಲ್ಲ, ಒಳಗಿರುವುದು ದ್ರವ, ತಣ್ಣಗಾದಷ್ಟೂ ಅದರ ಆವಿಯ ಒತ್ತಡ ಇಳಿಯುತ್ತದೆ. ದ್ರವ ಮುಗಿಯುವವರೆಗೂ ಆ ಮುಳ್ಳು ಅಲ್ಲೇ ನಿಂತು, ಮುಗಿದ ಮೇಲೆ ಒಮ್ಮೆಲೇ ಬೀಳುತ್ತದೆ. ಎಷ್ಟು ಉಳಿದಿದೆ ಎಂದು ಹೇಳುವುದು ತೂಕವೊಂದೇ. ಸಿಲಿಂಡರಿನ ಭುಜದ ಮೇಲೆ ಟಿಡಬ್ಲ್ಯೂ ಎಂದು ಕೊರೆದಿರುವುದು ಖಾಲಿ ತೂಕ, ಒಟ್ಟು ತೂಕದಿಂದ ಅದನ್ನು ಕಳೆಯಿರಿ. ರೆಗ್ಯುಲೇಟರ್ ಬಿಚ್ಚಿ ತೂಗುವುದು ಒಳ್ಳೆಯದು.

ಒಂದು ಕೆಗ್‌ಗೆ ಗ್ಯಾಸ್ ಹಿಡಿಸಿ ಪೂರ್ತಿ ಖಾಲಿ ಮಾಡಲು ಸುಮಾರು 150 ಗ್ರಾಂ ಬೇಕು. 5 ಪೌಂಡ್ ಎಂದರೆ 2,270 ಗ್ರಾಂ. ಕೆಗ್ ತೊಳೆದು ಗಾಳಿ ಹೊರದೂಡುವ ಖರ್ಚು ಬಿಟ್ಟರೂ ಹತ್ತು ಕೆಗ್ ಬರಬೇಕು. ಮೂರಕ್ಕೇ ಮುಗಿದರೆ ಸೋರಿಕೆ ಖಚಿತ.

ಹುಡುಕುವುದು ಹೀಗೆ. ಕೆಗ್ ಖಾಲಿ ಇರಲಿ, ಅಥವಾ ಅದರ ಬಿಯರ್‌ಗೆ ಆಗಲೇ ಪೂರ್ತಿ ಗ್ಯಾಸ್ ಹಿಡಿದಿರಲಿ. ಹೊಸ ಬಿಯರ್ ಮೇಲೆ ಈ ಪರೀಕ್ಷೆ ಮಾಡಿದರೆ ಅದು ಗ್ಯಾಸ್ ಕುಡಿಯುತ್ತಲೇ ಹೋಗಿ ಗೇಜು ಇಳಿಯುತ್ತದೆ, ಇಲ್ಲದ ಸೋರಿಕೆಯ ಬೆನ್ನು ಹತ್ತುತ್ತೀರಿ. ಎಲ್ಲ ಜೋಡಿಸಿ, ಒತ್ತಡ ಕೊಟ್ಟು, ಸಿಲಿಂಡರಿನ ತಲೆ ವಾಲ್ವ್ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮುಳ್ಳು ಬಿದ್ದಿದ್ದರೆ ಎಲ್ಲ ಬಿಡಿಸಿ, ಒಂದೊಂದೇ ಭಾಗ ಸೇರಿಸಿ ಮತ್ತೆ ಒತ್ತಡ ಕೊಡುತ್ತ ಇದನ್ನೇ ಮಾಡಿ: ಮೊದಲು ರೆಗ್ಯುಲೇಟರ್ ಒಂದೇ, ಆಮೇಲೆ ಟ್ಯೂಬು ಸೇರಿಸಿ, ಆಮೇಲೆ ಕೆಗ್. ಯಾವುದನ್ನು ಸೇರಿಸಿದಾಗ ಮುಳ್ಳು ಇಳಿಯಿತೋ ಅಲ್ಲಿಗೆ ಸೋಪಿನ ನೀರು ಹೊಡೆಯಿರಿ. ತುಂಬ ಸಣ್ಣ ಸೋರಿಕೆಯಾದರೆ ಗುಳ್ಳೆ ಬರಲು ಎರಡು ಮೂರು ನಿಮಿಷವಾಗುತ್ತದೆ, ಕೂತು ನೋಡಬೇಕು.

ಮೊದಲ ಅನುಮಾನ ಸಿಲಿಂಡರ್ ಮತ್ತು ರೆಗ್ಯುಲೇಟರ್ ಸೇರುವಲ್ಲಿಯ ವಾಷರ್ ಮೇಲಿರಲಿ. ನಾರಿನ ವಾಷರ್ ಒಂದೇ ಬಳಕೆಯದು, ಪ್ರತಿ ಸಲ ಸಿಲಿಂಡರ್ ಬದಲಿಸಿದಾಗಲೂ ಹೊಸದು ಬೇಕು. ಅಲ್ಲಿ ಟೆಫ್ಲಾನ್ ಟೇಪು ಸುತ್ತಬೇಡಿ. ಆ ಜಾಗದಲ್ಲಿ ಸೋರಿಕೆ ತಡೆಯುವುದು ವಾಷರ್, ತಿರುಪಿನ ಸುರುಳಿಯಲ್ಲ. ಎರಡನೆಯದು ಕೆಗ್ ಮುಚ್ಚಳದ ದೊಡ್ಡ ಓ-ರಿಂಗ್. ಹಳೆಯ ಕೆಗ್‌ಗಳಲ್ಲಿ 12 ಪಿಎಸ್‌ಐಗೆ ಮುಚ್ಚಳ ಸರಿಯಾಗಿ ಕೂರುವುದೇ ಇಲ್ಲ. ರಿಂಗಿಗೆ ಗ್ರೀಸು ಸವರಿ, ಒಮ್ಮೆ 30 ಪಿಎಸ್‌ಐ ಕೊಟ್ಟು ಕೂರಿಸಿ, ಆಮೇಲೆ ಇಳಿಸಿ. ಗ್ಯಾಸಿನ ಬೂದು ಡಿಸ್‌ಕನೆಕ್ಟನ್ನು ಬಿಯರ್ ಪೋಸ್ಟಿಗೆ ಬಲವಂತವಾಗಿ ಒತ್ತಿದ್ದರೂ ರಿಂಗು ಹರಿದಿರುತ್ತದೆ. ಗ್ಯಾಸ್ ಪೋಸ್ಟಿನ ಬುಡದಲ್ಲಿ ಸಣ್ಣ ಕಚ್ಚುಗಳಿರುತ್ತವೆ, ಬೆರಳಿಗೇ ಸಿಗುತ್ತವೆ.

ಸೋರಿಕೆ ದುಡ್ಡಿನ ವಿಷಯ ಮಾತ್ರವಲ್ಲ. 5 ಪೌಂಡ್ ಪೂರ್ತಿ ಸೋರಿದರೆ ಸುಮಾರು 1,240 ಲೀಟರ್ ಗ್ಯಾಸ್. ಕಿಟಕಿ ಮುಚ್ಚಿದ 15 ಘನ ಮೀಟರಿನ ಕೋಣೆಯಲ್ಲಿ ಅದು ಗಾಳಿಯ ಶೇಕಡ 8. ಶೇಕಡ 4ನ್ನೇ ತಕ್ಷಣ ಪ್ರಾಣಕ್ಕೆ ಅಪಾಯ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ನಿಯೋಶ್ ನಿಗದಿ ಮಾಡಿದೆ. ಮಲಗುವ ಕೋಣೆ, ಗಾಳಿಯಾಡದ ಬೇಸ್‌ಮೆಂಟಿನ ಮೂಲೆ ಇದಕ್ಕೆ ತಕ್ಕ ಜಾಗವಲ್ಲ.

ಫ್ರಿಜ್ ತಣ್ಣಗಾಗುತ್ತಿಲ್ಲ

ಕಾಯುವುದೇ ಎಷ್ಟೋ ಸಲ ಮದ್ದು. 70 ಡಿಗ್ರಿಯ ಒಂದು ಕೆಗ್ಗನ್ನು 38ಕ್ಕೆ ಇಳಿಸಲು ಸುಮಾರು 1,400 ಕಿಲೋಜೂಲ್ ಶಾಖ ಹೊರಹೋಗಬೇಕು. ನಾಲ್ಕು ಬಾಟಲಿ, ಒಂದು ಡಬ್ಬಿ ಮೊಸರಿಗೆಂದು ಮಾಡಿದ ಪುಟ್ಟ ಕಂಪ್ರೆಸರ್‌ಗೆ ಅದು ಒಂದು ದಿನದ, ಒಮ್ಮೊಮ್ಮೆ ಒಂದೂವರೆ ದಿನದ ಕೆಲಸ. ಫ್ರಿಜ್ಜನ್ನು ಮಲಗಿಸಿ ತಂದಿದ್ದರೆ ನಿಲ್ಲಿಸಿದ ಮೇಲೆ 24 ಗಂಟೆ ಪ್ಲಗ್ ಹಾಕಬೇಡಿ, ಕಂಪ್ರೆಸರಿನ ಎಣ್ಣೆ ತಳಕ್ಕಿಳಿಯಲಿ. ಸದ್ದೇ ಇಲ್ಲದ, ಕಂಪ್ರೆಸರ್ ಇರದ ಪೆಲ್ಟಿಯರ್ ಫ್ರಿಜ್ ತಂದಿದ್ದರೆ ಇದನ್ನು ಓದಿ ಉಪಯೋಗವಿಲ್ಲ. ಅದರಿಂದ ಈ ಕೆಲಸ ಆಗುವುದಿಲ್ಲ.

ಬಾಗಿಲು. ಒಳಗಿನ ಪ್ಲಾಸ್ಟಿಕ್ ಗೂಡುಗಳನ್ನು ಕತ್ತರಿಸಿ ಚಪ್ಪಟೆ ಹಲಗೆ ಕೂರಿಸುವಾಗ ರಬ್ಬರ್ ಬಿಚ್ಚಿರುತ್ತೀರಿ, ವಾಪಸ್ ಹಾಕುವಾಗ ಅದು ಒಂದು ಮೂಲೆಯಲ್ಲಿ ಸುಕ್ಕಾಗುತ್ತದೆ. ಒಂದು ಡಾಲರ್ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ, ನಾಲ್ಕೂ ಬದಿ. ಸಲೀಸಾಗಿ ಬಂದ ಕಡೆ ಗಾಳಿ ನುಗ್ಗುತ್ತಿದೆ. ಹೇರ್ ಡ್ರೈಯರಿನಿಂದ ರಬ್ಬರ್ ಬಿಸಿ ಮಾಡಿ ಕೈಯಿಂದ ಎಳೆದು ಕೂರಿಸಿ. ಕೆಗ್‌ನ ಹೊಟ್ಟೆ ಬಾಗಿಲಿಗೆ ತಾಗುತ್ತಿದ್ದರೆ ರಬ್ಬರಿನ ಚಿಂತೆ ಆಮೇಲೆ, ಮೊದಲು ಜಾಗ ಮಾಡಿಕೊಳ್ಳಿ. ಹಿಂದಿನ ಕಂಪ್ರೆಸರ್ ಗೂನಿನ ಮೇಲೆ ಕೂತ ಸಿಲಿಂಡರನ್ನು ಹೊರಗೆ ಹಾಕಿದರೆ ಎರಡನೇ ಕೆಗ್‌ಗೆ ಉಸಿರಾಡಲು ಜಾಗ ಸಿಗುತ್ತದೆ.

ಥರ್ಮೋಸ್ಟಾಟ್. ಮೂಲ ಥರ್ಮೋಸ್ಟಾಟಿನ ತೆಳು ತಾಮ್ರದ ಬಾಲ ಕೂಲಿಂಗ್ ಪ್ಲೇಟಿಗೆ ಕಚ್ಚಿಕೊಂಡಿರುತ್ತದೆ. ಕೆಗ್‌ಗೆ ಜಾಗ ಮಾಡಲು ಪ್ಲೇಟು ಬಗ್ಗಿಸುವಾಗ ಅದು ಕಳಚಿದರೆ ಫ್ರಿಜ್ ಒಂದೋ ನಿಲ್ಲದೆ ಓಡುತ್ತದೆ, ಇಲ್ಲವೇ ಹೊತ್ತಲ್ಲದ ಹೊತ್ತಿಗೆ ನಿಲ್ಲುತ್ತದೆ. ಹೊರಗಿನ ಕಂಟ್ರೋಲರ್ ಹಾಕುವುದೇ ಮೇಲು. ಇಂಕ್‌ಬರ್ಡ್ ಐಟಿಸಿ-308 ಥರದ್ದು ಸಾಕು. ಮೂಲ ಥರ್ಮೋಸ್ಟಾಟನ್ನು ಅತಿ ತಣ್ಣಗಿನ ಅಂಕಿಗೆ ತಿರುಗಿಸಿಬಿಡಿ, ಆಳ್ವಿಕೆ ಕಂಟ್ರೋಲರಿನದಾಗಲಿ. 38 ಡಿಗ್ರಿ, 2 ಡಿಗ್ರಿ ಅಂತರ, ಕಂಪ್ರೆಸರ್ ವಿಳಂಬ 5 ನಿಮಿಷ. ಕಂಟ್ರೋಲರಿನ ಶಾಖ ಅಳೆಯುವ ತಂತಿಯನ್ನು, ಅಂದರೆ ಪ್ರೋಬನ್ನು, ಗಾಳಿಯಲ್ಲಿ ನೇತುಹಾಕಬೇಡಿ. ಕೆಗ್‌ನ ಮಧ್ಯಭಾಗಕ್ಕೆ ಟೇಪಿನಿಂದ ಅಂಟಿಸಿ, ಮೇಲೆ ಸ್ಪಂಜಿನ ತುಂಡು ಮುಚ್ಚಿ. ಇದೇ ಕಂಟ್ರೋಲರಿನ ಹೀಟಿಂಗ್ ಪ್ಲಗ್ಗು ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಿಸಲೂ ಬರುತ್ತದೆ, ದಂಡವೇನಲ್ಲ.

ಟಿಕ್, ಗುಂಯ್, ಟಿಕ್. ಕಂಪ್ರೆಸರ್ ಶುರುವಾಗಲು ಹೆಣಗಿ, ಕೆಲವು ಸೆಕೆಂಡಿಗೆ ಓವರ್‌ಲೋಡ್ ಸ್ವಿಚ್ ಬೀಳುತ್ತದೆ. ಮೂರ್ನಾಲ್ಕು ನಿಮಿಷ ಬಿಟ್ಟು ಮತ್ತೆ ಅದೇ. ವಿಳಂಬ ಇಡದ ಕಂಟ್ರೋಲರ್ ಒಂದು ಕಾರಣ: ನಿಂತ ಕೂಡಲೇ ಮತ್ತೆ ಓಡಿಸಿದರೆ ಎದುರಿನ ಒತ್ತಡವನ್ನು ಮೋಟರ್ ದಾಟಲಾರದು. ವಿಳಂಬ ಸರಿಯಿದ್ದೂ ಹೀಗಾದರೆ ಪ್ಲಗ್ ತೆಗೆದು, ಕಂಪ್ರೆಸರ್ ಪಕ್ಕದ ಸ್ಟಾರ್ಟ್ ರಿಲೇ ಕಳಚಿ ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಚೂರುಗಳ ಸದ್ದಾದರೆ ಅದು ಸತ್ತಿದೆ, ಹೊಸದು ಹಾಕಿ. ರಿಲೇ ಸರಿಯಿದ್ದರೆ ಕಂಪ್ರೆಸರಿನ ಮೂರು ಪಿನ್‌ಗಳ ನಡುವಿನ ರೋಧವನ್ನು ಎರಡೆರಡು ಪಿನ್ನಿನಂತೆ ಮಲ್ಟಿಮೀಟರಿನಲ್ಲಿ ಅಳೆಯಿರಿ: ದೊಡ್ಡ ಅಳತೆ ಉಳಿದೆರಡರ ಮೊತ್ತಕ್ಕೆ ಸಮ ಬರಬೇಕು, ಯಾವ ಪಿನ್ನಿಗೂ ಲೋಹದ ಮೈಗೂ ಸಂಪರ್ಕ ಇರಕೂಡದು. ಇದ್ದರೆ ಫ್ರಿಜ್ಜಿಗೆ ಮತ್ತೆ ಕರೆಂಟು ಕೊಡಬೇಡಿ.

ಕಂಪ್ರೆಸರ್ ಬಿಸಿ, ನಿಲ್ಲದೆ ಓಡುತ್ತದೆ, ಒಳಗೆ ತಣ್ಣಗಿಲ್ಲ. ಫ್ರಿಜ್‌ನ ಅಕ್ಕಪಕ್ಕದ ಗೋಡೆ ಅಥವಾ ಹಿಂದಿನ ಕಪ್ಪು ಜಾಲರಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಶೀತಕ ಸುತ್ತುತ್ತಿದೆ. ಧೂಳು ತೆಗೆಯಿರಿ, ಗೋಡೆಯಿಂದ ನಾಲ್ಕು ಇಂಚು ಮುಂದೆ ತನ್ನಿ. 100 ಡಿಗ್ರಿ ಕಾಯುವ ಟೆಕ್ಸಸ್ ಗ್ಯಾರೇಜಿನಲ್ಲಿಟ್ಟಿದ್ದರೆ ದೋಷ ಫ್ರಿಜ್ಜಿನದಲ್ಲ, ಮನೆಯೊಳಗೆ ತನ್ನಿ. ಮುಟ್ಟಿದರೆ ಏನೂ ಬೆಚ್ಚಗಿಲ್ಲ, ಒಳಗಿನ ಪ್ಲೇಟಿನ ಒಂದು ಮೂಲೆಗೆ ಮಾತ್ರ ಹಿಮ ಕಟ್ಟಿದೆ ಎಂದರೆ ಶೀತಕ ಸೋರಿದೆ. ಕೊರೆಯುವಾಗ ಬಿಟ್ ನಳಿಕೆಗೆ ತಾಗಿದೆ, ಅಥವಾ ಫ್ರೀಜರ್ ಪ್ಲೇಟನ್ನು ಬಗ್ಗಿಸುವಾಗ ಬಿರುಕು ಬಿಟ್ಟಿದೆ. ಸಣ್ಣ ಫ್ರಿಜ್ಜಿನಲ್ಲಿ ಇದನ್ನು ರಿಪೇರಿ ಮಾಡಿಸುವ ಖರ್ಚಿಗೆ ಇನ್ನೊಂದು ಫ್ರಿಜ್ ಬರುತ್ತದೆ.

ಆದ್ದರಿಂದ ಎರಡನೇ ಫ್ರಿಜ್ ಕೊರೆಯುವವರಿಗೆ ಇಷ್ಟು. ಹಿಂದೆ ಕಪ್ಪು ಜಾಲರಿ ಕಾಣದಿದ್ದರೆ ಬಿಸಿ ನಳಿಕೆಗಳು ಪಕ್ಕದ ಗೋಡೆಗಳಲ್ಲೇ ಹುದುಗಿರುತ್ತವೆ, ಅಲ್ಲಿ ಕೊರೆಯಲೇಬೇಡಿ. ನೆತ್ತಿ ಕೊರೆಯುವ ಮೊದಲು ಕಾರ್ನ್‌ಫ್ಲೋರನ್ನು ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೀರುದೋಸೆ ಹಿಟ್ಟಿನ ಹದಕ್ಕೆ ಕಲಸಿ ತೆಳ್ಳಗೆ ಬಳಿಯಿರಿ, ಕಿಟಕಿ ತೆರೆದಿಟ್ಟು ಫ್ರಿಜ್ ಓಡಿಸಿ. ಅಡಿಯಲ್ಲಿ ಬಿಸಿ ನಳಿಕೆ ಇರುವ ಕಡೆ ಹಿಟ್ಟು ಮೊದಲು ಒಣಗಿ ಬಿಳಿ ಗೆರೆ ಮೂಡುತ್ತದೆ. ಆಮೇಲೂ ಹೊರತಗಡನ್ನಷ್ಟೇ ಕತ್ತರಿಸಿ, ಫೋಮನ್ನು ಚಮಚದಿಂದ ಕೆದಕಿ ನೋಡಿ, ಏನೂ ಸಿಗದಿದ್ದರೆ ಒಳ ಪ್ಲಾಸ್ಟಿಕ್ ಕೊರೆಯಿರಿ. ಪ್ಲಗ್ ತೆಗೆದಿರಲಿ. ಇತ್ತೀಚಿನ ಸಣ್ಣ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಇರುವುದು ಆರ್600ಎ, ಅಂದರೆ ಐಸೊಬ್ಯೂಟೇನ್, ಬೆಂಕಿ ಹತ್ತುವ ಅನಿಲ. ಬುಸ್ ಎಂದ ಕೂಡಲೇ ಡ್ರಿಲ್ ನಿಲ್ಲಿಸಿ, ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ನಡೆಯಿರಿ.

ಬಿಯರ್ ಹೆಪ್ಪುಗಟ್ಟಿದೆ, ಒಳಗೆ ನೀರು

ಶೇಕಡ 5ರ ಬಿಯರ್ 28 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಪ್ರೋಬ್ ಕೆಗ್‌ನಿಂದ ಕಳಚಿ ಬಾಗಿಲ ಬಳಿ ಬಿದ್ದಿರುತ್ತದೆ, ಅಥವಾ ಕೆಗ್ ಹಿಂದಿನ ಪ್ಲೇಟಿಗೆ ಒರಗಿರುತ್ತದೆ. ಒಂದಿಂಚು ಮುಂದೆ ಸರಿಸಿ. ಮಿನೆಸೊಟ, ಮಿಷಿಗನ್ ಕಡೆಯ ಗ್ಯಾರೇಜುಗಳಲ್ಲಿ ಹೊರಗಿನ ಚಳಿಯೇ ಇದನ್ನು ಮಾಡುತ್ತದೆ. ಕಂಟ್ರೋಲರಿನ ಹೀಟಿಂಗ್ ಕಡೆಗೆ ಒಂದು ಕಡಿಮೆ ವಾಟಿನ ಹೀಟರ್ ಬೇಕು. ತಳದಲ್ಲಿ ನಿಲ್ಲುವ ನೀರು ಕೊರೆದ ತೂತಿನ ಸುತ್ತ ಸೀಲ್ ಮಾಡದ ಫಲ. ಸಿಲಿಕೋನ್ ಹಚ್ಚಿ. ತೇವ ಹೀರುವ ಡಬ್ಬಿ ಅದಾದ ಮೇಲಿನ ಮಾತು.

ಬಿಯರ್ ಸಪ್ಪೆ

ಹೊಸ ಕೆಗ್ ಆದರೆ ತಾಳ್ಮೆ: 12 ಪಿಎಸ್‌ಐ, 38 ಡಿಗ್ರಿ, ಒಂದರಿಂದ ಎರಡು ವಾರ. ಅವಸರವಿದ್ದರೆ ತಣ್ಣಗಾದ ಕೆಗ್‌ಗೆ 30 ಪಿಎಸ್‌ಐಯಲ್ಲಿ 24 ಗಂಟೆ ಕೊಟ್ಟು, ಗ್ಯಾಸ್ ನಿಲ್ಲಿಸಿ, ಹೆಚ್ಚುವರಿ ಒತ್ತಡ ಬಿಟ್ಟು, 12ಕ್ಕೆ ತನ್ನಿ. ಹಳೆಯ ಕೆಗ್ ಸಪ್ಪೆಯಾದರೆ ಗ್ಯಾಸ್ ಕೆಗ್‌ನೊಳಗೆ ಹೋಗುತ್ತಲೇ ಇಲ್ಲ. ಬೂದು ಡಿಸ್‌ಕನೆಕ್ಟ್ ಪೂರ್ತಿ ಕೂತಿರುವುದಿಲ್ಲ, ಅಥವಾ ಗ್ಯಾಸನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವಿಗೆ ಬಿಯರ್ ನುಗ್ಗಿ ಒಣಗಿ ಅಂಟಿದೆ. ರಿಲೀಫ್ ವಾಲ್ವ್ ಒಮ್ಮೆ ಎಳೆಯಿರಿ. ಬಿಟ್ಟ ಮೇಲೆ ಕೆಗ್ ತುಂಬುವ ಸಣ್ಣ ಸುಯ್ ಸದ್ದು ಕೇಳಬೇಕು. ಕೇಳದಿದ್ದರೆ ಅಲ್ಲೇ ಹುಡುಕಿ. ಲೋಟದಲ್ಲಿ ಎಣ್ಣೆ ಪಸೆಯಿದ್ದರೂ ನೊರೆ ನಿಲ್ಲದೆ ಸಪ್ಪೆಯಂತೆ ಕಾಣುತ್ತದೆ. ಒಗ್ಗರಣೆ ಪಾತ್ರೆ ತಿಕ್ಕಿದ ಸ್ಪಂಜಿನಿಂದ ಬಿಯರ್ ಲೋಟ ತೊಳೆಯಬೇಡಿ.

ನಲ್ಲಿ ಅಂಟುತ್ತದೆ, ಬಿಯರ್ ಹುಳಿ

ಹಳೆಯ ಮಾದರಿಯ ನಲ್ಲಿಯಲ್ಲಿ ಮುಚ್ಚುವ ಜಾಗ ಹಿಂದಿದೆ, ಮೂತಿಯಲ್ಲಿ ಉಳಿದ ಬಿಯರ್ ಗಾಳಿಗೆ ಒಣಗಿ ಬೆಲ್ಲದ ಪಾಕದಂತೆ ಹಿಡಿದುಕೊಳ್ಳುತ್ತದೆ. ವಾರ ಬಿಟ್ಟು ಎಳೆದರೆ ಹಿಡಿಯೇ ಮುರಿಯಬಹುದು. ಬಲ ಹಾಕುವ ಮೊದಲು ಒಂದು ಲೋಟ ಬಿಸಿನೀರಿನಲ್ಲಿ ಮೂತಿ ಐದು ನಿಮಿಷ ಮುಳುಗಿಸಿಡಿ. ಮುಂದೆ ಮುಚ್ಚುವ ಮಾದರಿ, ಪರ್ಲಿಕ್ ಥರದ್ದು, ಬೆಲೆ ಜಾಸ್ತಿಯಾದರೂ ಈ ಕಾಟ ಕೊಡುವುದಿಲ್ಲ.

ಬೆಣ್ಣೆಯ ಇಲ್ಲವೇ ವಿನೆಗರಿನ ವಾಸನೆ ಬಂದರೆ ಕೆಗ್ಗನ್ನು ದೂರುವ ಮೊದಲು ಟ್ಯೂಬು ತೊಳೆಯಿರಿ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಹೇಳುವುದು 14 ದಿನಕ್ಕೊಮ್ಮೆ ಕ್ಷಾರದ ದ್ರಾವಣ, ಮೂರು ತಿಂಗಳಿಗೊಮ್ಮೆ ಆಮ್ಲ. ಮನೆಯಲ್ಲಿ ಪ್ರತಿ ಕೆಗ್ ಬದಲಿಸುವಾಗಲಾದರೂ ಆಗಲಿ. ಲೈನ್ ಕ್ಲೀನರನ್ನು ಡಬ್ಬಿಯ ಮೇಲಿನ ಅಳತೆಯಂತೆ ಬೆಚ್ಚನೆ ನೀರಿಗೆ ಬೆರೆಸಿ, ಟ್ಯೂಬಿನಲ್ಲಿ 15–20 ನಿಮಿಷ ಹರಿಸಿ. ಕೈಗವಸು, ಕನ್ನಡಕ ಇರಲಿ. ನಲ್ಲಿಯನ್ನು ಪೂರ್ತಿ ಬಿಚ್ಚಿ ಬ್ರಷ್ ಹಾಕಿ. ಹರಿದು ಬರುವ ನೀರು ಬೆರಳಿಗೆ ಜಾರುವುದು ನಿಲ್ಲುವ ತನಕ ತಣ್ಣೀರು ಬಿಡಿ. ವಾಸನೆ ಆಮೇಲೂ ಉಳಿದರೆ ಟ್ಯೂಬೇ ಬದಲಿಸಿ. ವಿನೈಲ್ ಒಮ್ಮೆ ವಾಸನೆ ಹೀರಿಕೊಂಡರೆ ಬಿಡುವುದಿಲ್ಲ. ಹೊಸ ಟ್ಯೂಬಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ಬಾರ್ಬ್ (ಟ್ಯೂಬು ಕೂರುವ ಗೀರಿನ ಮೂತಿ) ಮೇಲೆ ಏರಿಸಿ, ಕ್ಲಾಂಪ್ ಬಿಗಿದು, ಸೋಪಿನ ನೀರು ಹೊಡೆದು ನೋಡಿಯೇ ಬಾಗಿಲು ಮುಚ್ಚಿ.